ಸಿಎ ಫೈನಲ್ ಎಫ್‌ಆರ್ ರೆಕಾರ್ಡೆಡ್ ಕೋರ್ಸ್: ಪಾಠ ಅಪ್ಪಟ, ವ್ಯಾಲಿಡಿಟಿ ಮಾತ್ರ ಅನ್ಯಾಯ

ಸಿಎ ಫೈನಲ್‌ನ ಫೈನಾನ್ಷಿಯಲ್ ರಿಪೋರ್ಟಿಂಗ್ (ಎಫ್‌ಆರ್) ಪತ್ರಿಕೆಗೆ ನಾನು ತೆಗೆದುಕೊಂಡದ್ದು ರೆಗ್ಯುಲರ್ ಬ್ಯಾಚಿನ ರೆಕಾರ್ಡೆಡ್ ಕೋರ್ಸ್. ಶರತ್ತು ಹೀಗಿತ್ತು: ಒಂಬತ್ತು ತಿಂಗಳು ಅಥವಾ ಎರಡು ವ್ಯೂ (ಕ್ಲಾಸುಗಳ ಒಟ್ಟು ತಾಸಿನ ಎರಡರಷ್ಟು ನೋಡುವ ಅವಕಾಶ), ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಬಂದ್. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಸಿಎ ಕೋಚಿಂಗ್‌ನಲ್ಲಿ ಹೆಚ್ಚಿನವರು ಮಾರುವುದು ಇದೇ ಅಳತೆಯಲ್ಲಿ, ಹಾಗಾಗಿ ನನ್ನ ತಕರಾರು ಆ ಅಳತೆಯ ಮೇಲೆಯೇ.

ಮೊದಲು ಪಾಠದ ವಿಚಾರ. ಅದರಲ್ಲಿ ಎರಡು ಮಾತಿಲ್ಲ. ಇಂಡ್‌ ಎಎಸ್ (ಭಾರತೀಯ ಲೆಕ್ಕಪತ್ರ ಮಾನದಂಡ) 116ರ ಲೀಸ್ ಲೆಕ್ಕವನ್ನು ಸರ್ ಒಂದು ಅಂಗಡಿ ಮಳಿಗೆಯ ಬಾಡಿಗೆ ಕರಾರು ಇಟ್ಟುಕೊಂಡು ಬೋರ್ಡಿನ ಮೇಲೆ ಬಿಡಿಸಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ: ಎಡಗಡೆ ರೈಟ್ ಆಫ್ ಯೂಸ್ ಆಸ್ತಿ, ಬಲಗಡೆ ಲೀಸ್ ಬಾಧ್ಯತೆ, ವರ್ಷ ವರ್ಷಕ್ಕೂ ಬಡ್ಡಿ ಸೇರಿ ಬಾಡಿಗೆ ಕಳೆದು ಸೊನ್ನೆಗೆ ಇಳಿಯುವ ಆ ಪಟ್ಟಿ. ಆಮೇಲೆ ಆಫೀಸಿನಲ್ಲಿ ಒಂದು ಕಂಪನಿಯ ಬ್ಯಾಲೆನ್ಸ್ ಶೀಟ್ ಕೈಗೆ ಬಂದಾಗ ಆ ಎರಡು ಸಾಲುಗಳನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಅಂಥ ಪಾಠಕ್ಕೆ ಎಷ್ಟು ಕೊಟ್ಟರೂ ಕಡಿಮೆ.

ನಾನಿರುವುದು ದಾವಣಗೆರೆಯಲ್ಲಿ, ಆರ್ಟಿಕಲ್‌ಶಿಪ್ (ಸಿಎ ವಿದ್ಯಾರ್ಥಿಗಳು ಆಡಿಟ್ ಆಫೀಸಿನಲ್ಲಿ ಮಾಡಬೇಕಾದ ತರಬೇತಿ) ನಡೆಯುತ್ತಿದೆ. ಬೆಳಗಿನ ಐದಕ್ಕೆ ಎದ್ದು ಮುಖ ತೊಳೆದು, ಒಲೆಯ ಮೇಲೆ ಚಹಾಕ್ಕಿಟ್ಟು, ಅದು ಕುದಿಯುವಷ್ಟರಲ್ಲಿ ಲ್ಯಾಪ್‌ಟಾಪ್ ಆನ್ ಮಾಡಿ ಪ್ಲೇಯರ್ ತೆರೆಯಬೇಕು. ಹಿಂದಿನ ದಿನದ ಕ್ಲಾಸಿನ ಒಂದು ಲೆಕ್ಕವನ್ನು ನೋಡದೆ ಬಿಡಿಸಿ, ಆಮೇಲಷ್ಟೇ ಹೊಸದು. ಎಂಟಕ್ಕೆ ಮುಗಿಸಿ ಸ್ನಾನ, ತಿಂಡಿ, ಆಫೀಸು. ದಿನದಲ್ಲಿ ನನ್ನದು ಅನ್ನುವ ಹೊತ್ತು ಅದೊಂದೇ ಆಗಿತ್ತು, ನನಗೆ ಅದು ತುಂಬ ಪ್ರಿಯವಾಗಿತ್ತು.

ಪಾಠ ಹಿಂದಿ ಇಂಗ್ಲಿಷ್ ಬೆರಕೆಯಲ್ಲಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸರ್ ವೇಗ ಹಿಡಿದಾಗ ಹಿಂದಿ ಕೈಗೆ ಸಿಗುವುದಿಲ್ಲ, ಹಿಂದಕ್ಕೆ ಎಳೆದು ಮತ್ತೆ ಕೇಳಲೇಬೇಕು. ಹಾಗೆ ಎಳೆದು ಕೇಳಿದ ನಿಮಿಷಗಳೂ ವ್ಯೂ ಲೆಕ್ಕಕ್ಕೆ ಸೇರುತ್ತವೆ. ಆದರೆ ಈ ಪ್ಲೇಯರ್‌ನಲ್ಲಿ ಒಂದು ಒಳ್ಳೆಯತನ ಇತ್ತು: ಒಂದೂವರೆ ಪಟ್ಟು ವೇಗದಲ್ಲಿ ಒಂದು ತಾಸಿನ ಕ್ಲಾಸ್ ನೋಡಿದರೆ ಕಡಿತವಾಗುವುದು 40 ನಿಮಿಷವೇ. ಸುಲಭದ ಅಧ್ಯಾಯಗಳಲ್ಲಿ ಹೀಗೆ ಉಳಿಸಿದ್ದನ್ನು ಇಂಡ್‌ ಎಎಸ್ 109ರಂಥ ಕಠಿಣ ಅಧ್ಯಾಯಕ್ಕೆ ಖರ್ಚು ಮಾಡಬಹುದು. ತಾಸಿನ ಮಿತಿಯನ್ನು ನಾನು ಒಪ್ಪುತ್ತೇನೆ. ಎಷ್ಟು ಬಳಸುತ್ತೇನೋ ಅಷ್ಟು ಸವೆಯುತ್ತದೆ, ಅದರಲ್ಲಿ ನ್ಯಾಯ ಇದೆ.

ಒಪ್ಪಲಾಗದ್ದು ತಾರೀಖಿನ ಮಿತಿ. ನಾವು ನೋಡಲಿ ಬಿಡಲಿ, ಅದು ಓಡುತ್ತಲೇ ಇರುತ್ತದೆ. ಆಡಿಟ್ ಆಫೀಸಿನಲ್ಲಿ ಇರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕ್ಲೈಂಟ್‌ಗಳ ಜಿಎಸ್‌ಟಿ ರಿಟರ್ನ್‌ಗಳಿಗೆ ಪ್ರತಿ ತಿಂಗಳು ಗಡುವು: 11ಕ್ಕೆ ಜಿಎಸ್‌ಟಿಆರ್ 1, 20ಕ್ಕೆ 3ಬಿ. ಅದರ ಹಿಂದುಮುಂದಿನ ದಿನಗಳು ಓದಿಗೆ ಸಿಗುವುದಿಲ್ಲ. 2025ರಲ್ಲಿ ಟ್ಯಾಕ್ಸ್ ಆಡಿಟ್ ಗಡುವು ಸೆಪ್ಟೆಂಬರ್ 30ರಿಂದ ಮೊದಲು ಅಕ್ಟೋಬರ್ 31ಕ್ಕೆ, ಆಮೇಲೆ ನವೆಂಬರ್ 10ಕ್ಕೆ ಹೋಯಿತು, ಕ್ಲೈಂಟ್‌ಗಳು ಉಸಿರುಬಿಟ್ಟರು, ನಮಗೆ ಮಾತ್ರ ಸೀಸನ್ ಇನ್ನೊಂದು ತಿಂಗಳಿಗೂ ಹೆಚ್ಚು ಬೆಳೆಯಿತು. ರಾತ್ರಿ ಹತ್ತಕ್ಕೆ ರೂಮಿಗೆ ಬಂದವರು ಬೆಳಗ್ಗೆ ಐದಕ್ಕೆ ಏಳುವುದು ಹೇಗೆ? ಆ ಎರಡು ತಿಂಗಳು ಪ್ಲೇಯರ್ ತೆರೆದದ್ದೇ ಅಪರೂಪ. ಸರ್ಕಾರ ತನ್ನ ಗಡುವನ್ನು ಮುಂದೆ ಹಾಕಿತು, ಕೋರ್ಸಿನ ಗಡುವು ಒಂದು ದಿನವೂ ಅಲುಗಲಿಲ್ಲ.

ಡಿಸೆಂಬರ್ ನಡುವೆ ವ್ಯಾಲಿಡಿಟಿ ಮುಗಿಯಿತು. ಕನ್ಸಾಲಿಡೇಶನ್ (ಕಂಪನಿ ಮತ್ತು ಅದರ ಅಂಗಸಂಸ್ಥೆಗಳ ಲೆಕ್ಕ ಒಟ್ಟುಗೂಡಿಸುವ ಅಧ್ಯಾಯ, ಇಂಡ್‌ ಎಎಸ್ 110) ಪೂರ್ತಿ ಬಾಕಿ, ಪರೀಕ್ಷೆ ಜನವರಿಯಲ್ಲಿ. ಖಾತೆಯಲ್ಲಿ ತಾಸುಗಳು ಧಾರಾಳವಾಗಿ ಉಳಿದಿದ್ದವು, ಬೀಗ ಬಿದ್ದದ್ದು ತಾರೀಖಿಗೆ. ಮೇಲ್ ಬರೆದರೆ ಸಭ್ಯ ಉತ್ತರ ಬಂತು: ವಿಸ್ತರಣೆಗೆ ಹಣ ಕಟ್ಟಿ. ಹಣ ಕೊಟ್ಟು ಕೊಂಡು, ಇನ್ನೂ ಬಳಸದೇ ಉಳಿದ ತಾಸುಗಳಿಗೇ ಮತ್ತೆ ಹಣ! ಸ್ಟೈಪೆಂಡ್‌ನಲ್ಲಿ ರೂಮ್ ಬಾಡಿಗೆ, ಮೆಸ್ ಬಿಲ್ ಕಳೆದು ಉಳಿಯುವುದೆಷ್ಟು ಎಂಬುದು ಗೊತ್ತಿದ್ದವರಿಗೆ ಗೊತ್ತು. ನಾನು ಕಟ್ಟಲಿಲ್ಲ. ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐ ಉಚಿತವಾಗಿ ಕೊಡುವ ತರಗತಿಗಳ ರೆಕಾರ್ಡಿಂಗ್ ಮತ್ತು ಸ್ಟಡಿ ಮೆಟೀರಿಯಲ್ ಹಿಡಿದು ಇಂಡ್‌ ಎಎಸ್ 110 ಮುಗಿಸಿದೆ. ಕೆಲಸ ಆಯಿತು. ಆದರೂ ಆ ಸರ್ ಪಾಠದಲ್ಲೇ ಅದನ್ನು ಕೇಳುವ ಆಸೆ ಉಳಿದೇ ಹೋಯಿತು.

ಮಾರುವವರ ಕಡೆಗೂ ಕಾರಣ ಇದೆ, ಅದನ್ನೂ ಹೇಳುತ್ತೇನೆ. ಮಿತಿ ಇಲ್ಲದಿದ್ದರೆ ಒಂದೇ ಕೋರ್ಸ್ ಹತ್ತು ಜನರ ಕೈ ದಾಟುತ್ತದೆ. ಟೆಲಿಗ್ರಾಂನಲ್ಲಿ ಕದ್ದ ವಿಡಿಯೋಗಳು ಓಡಾಡುವುದನ್ನು ನಾವೆಲ್ಲ ನೋಡಿದ್ದೇವೆ. ತೆರಿಗೆ ಪತ್ರಿಕೆಗಳಿಗಂತೂ ತಾರೀಖಿನ ಮಿತಿ ಬೇಕೇ ಬೇಕು. 2024ರ ಜುಲೈ 23ರಿಂದ ಷೇರುಗಳ ದೀರ್ಘಾವಧಿ ಲಾಭದ ತೆರಿಗೆ ಶೇ. 10ರಿಂದ 12.5ಕ್ಕೆ ಏರಿತು, 2026ರ ಏಪ್ರಿಲ್ 1ರಿಂದ 1961ರ ಕಾಯಿದೆಯೇ ಹೋಗಿ 2025ರ ಆದಾಯ ತೆರಿಗೆ ಕಾಯಿದೆ ಬಂದಿದೆ. ಹಳೆಯ ವಿಡಿಯೋ ನೋಡಿ ಪರೀಕ್ಷೆಗೆ ಹೋದರೆ ಅಂಕ ಕಳೆದುಕೊಳ್ಳುವುದೇ. ಆದರೆ ಕನ್ಸಾಲಿಡೇಶನ್ ಒಂಬತ್ತು ತಿಂಗಳಿಗೆ ಹಳಸುವ ವಿಷಯವಲ್ಲ. ಎಲ್ಲ ಪತ್ರಿಕೆಗೂ ಒಂದೇ ಕತ್ತರಿ ಹಾಕುವುದು ಸೋಮಾರಿತನ.

ಕೊನೇ ಪಕ್ಷ ಮಿತಿಯನ್ನು ಅಟೆಂಪ್ಟ್‌ಗೆ, ಅಂದರೆ ನಾವು ಬರೆಯುವ ಆ ಸಲದ ಪರೀಕ್ಷೆಗೆ ಕಟ್ಟಬೇಕು. 2025ರ ಮೇನಲ್ಲಿ ಗಡಿಯಲ್ಲಿ ಪರಿಸ್ಥಿತಿ ಬಿಗಡಾಯಿಸಿ ಐಸಿಎಐ ಉಳಿದ ಪತ್ರಿಕೆಗಳನ್ನು ಮೇ 16ರಿಂದ 24ರವರೆಗಿನ ದಿನಗಳಿಗೆ ಮುಂದೂಡಿತು. "ಪರೀಕ್ಷೆ ಮುಗಿಯುವವರೆಗೆ" ಎಂದು ಕೊಂಡವರು ಅಂಥ ಹೊತ್ತಲ್ಲೂ ನಿಶ್ಚಿಂತರು, ತಾರೀಖಿಗೆ ಕೊಂಡವರ ಪಾಡು ಬೇರೆ.

ಪೂರ್ತಿ ಹೊತ್ತು ಓದುವವರಾದರೆ ಈ ಕೋರ್ಸ್ ಕಣ್ಣುಮುಚ್ಚಿ ತೆಗೆದುಕೊಳ್ಳಿ, ಒಂಬತ್ತು ತಿಂಗಳು ಧಾರಾಳ. ಆರ್ಟಿಕಲ್‌ಶಿಪ್‌ನಲ್ಲಿ ಇರುವವರು ಹಣ ಕಟ್ಟುವ ಮುನ್ನ ಫೋನ್ ಮಾಡಿ ಕೇಳಿ: ದಿನ ಎಣಿಕೆ ಕೊಂಡ ದಿನದಿಂದಲೋ ಆಕ್ಟಿವೇಟ್ ಮಾಡಿದ ದಿನದಿಂದಲೋ, ನಡುವೆ ನಿಲ್ಲಿಸಲು ಬಿಡುತ್ತಾರೋ, ವಿಸ್ತರಣೆಗೆ ಎಷ್ಟು. ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಎಎಫ್‌ಎಂ (ಅಡ್ವಾನ್ಸ್ಡ್ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್) ಪತ್ರಿಕೆಗೆ ನಾನು ಬೇರೆಯವರ ಕೋರ್ಸ್ ಕೊಂಡಿದ್ದೇನೆ, ಬೆಲೆ ಸ್ವಲ್ಪ ಹೆಚ್ಚು, ವ್ಯಾಲಿಡಿಟಿ ಅಟೆಂಪ್ಟ್‌ವರೆಗೆ. ಈ ಸಲದ ಟ್ಯಾಕ್ಸ್ ಆಡಿಟ್ ಮುಗಿದ ಮೇಲೆಯೇ ಆಕ್ಟಿವೇಟ್ ಮಾಡುತ್ತೇನೆ.