ಬೂದು ಪ್ರೈಮರ್ ಹೊಡೆದ ಹಳೆಯ ಕಾರನ್ನು ತಿಂಗಳುಗಟ್ಟಲೆ ಹಾಗೇ ಬಿಡಬೇಡಿ

ಒಬ್ಬರು ಹಳೆಯ ಕಾರಿನ ಬಣ್ಣ ಪೂರ್ತಿ ಕೆರೆದು, ತಗಡು ಹೊಳೆಯುವವರೆಗೆ ಉಜ್ಜಿ, ಸಾದಾ ಬೂದು ಪ್ರೈಮರ್ ಒಂದು ಕೋಟ್ ಹೊಡೆದು ಮೂಲೆಗೆ ನಿಲ್ಲಿಸಿದ್ದರು. ಎಂಜಿನ್ ಕೆಲಸ, ಬಿಡಿಭಾಗಗಳ ಹುಡುಕಾಟ ಅಂತ ಎಂಟು ತಿಂಗಳು ಹೋದವು. ಆಮೇಲೆ ಅದೇ ಪ್ರೈಮರ್ ಮೇಲೆ ಪುಟ್ಟಿ, ಬಣ್ಣ, ಕ್ಲಿಯರ್ ಕೋಟ್. ವರ್ಷ ತುಂಬುವ ಮೊದಲೇ ಡೋರಿನ ಕೆಳ ಅಂಚಿನಲ್ಲೂ ಚಕ್ರದ ಕಮಾನಿನಲ್ಲೂ ಸಾಸಿವೆ ಕಾಳಿನಂಥ ಗುಳ್ಳೆಗಳೆದ್ದವು. ಉಗುರು ತಾಗಿಸಿದರೆ ಪದರಗಳೆಲ್ಲ ಚಕ್ಕೆಯಾಗಿ ಕಿತ್ತು ಬಂದವು. ಅಡಿಯಲ್ಲಿ ಕಂದು ಪುಡಿ. ತಪ್ಪು ಕೊನೆಗೆ ಹೊಡೆದ ಬಣ್ಣದ್ದಲ್ಲ. ತುಕ್ಕು ಹಿಡಿದದ್ದು ಆ ಎಂಟು ತಿಂಗಳಲ್ಲಿ.

ಸಾದಾ ಪ್ರೈಮರ್ ಆಗಲಿ, ದಪ್ಪನೆಯ ಫಿಲ್ಲರ್ ಪ್ರೈಮರ್ ಆಗಲಿ ನೀರು ತಡೆಯುವುದಿಲ್ಲ. ಬಣ್ಣಕ್ಕೆ ಹಿಡಿತ ಕೊಡುವುದು, ಗೀರು ತುಂಬುವುದು ಅಷ್ಟೇ ಅವುಗಳ ಕೆಲಸ. ಗಾಳಿಯ ತೇವ ಅವುಗಳ ಸೂಕ್ಷ್ಮ ರಂಧ್ರಗಳಲ್ಲಿ ಇಳಿದು ತಗಡು ಮುಟ್ಟುತ್ತದೆ. ಮೇಲೆ ನೀರು ಹಾಕಿ ವಾಟರ್ ಪೇಪರ್ ಉಜ್ಜಿ, ಒಣಗುವ ಮುಂಚೆ ಬಣ್ಣ ಹೊಡೆದರಂತೂ ನೀರನ್ನು ನಾವೇ ಒಳಗೆ ಕೂಡಿಹಾಕಿದಂತೆ.

ಬೆತ್ತಲೆ ತಗಡಿಗೆ ಬೇಕಾದದ್ದು ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಎಪಾಕ್ಸಿ ಪ್ರೈಮರ್, ಅದೂ ಉಜ್ಜಿದ ದಿನವೇ. ತೇವದ ಹವೆಯಲ್ಲಿ ಕೆಲವೇ ಗಂಟೆಗಳಲ್ಲಿ ತೆಳು ತುಕ್ಕು ಮೂಡುತ್ತದೆ. ಒಂದು ದಿನಕ್ಕೆ ಮುಗಿಯುವಷ್ಟು ಭಾಗದ ಬಣ್ಣ ಮಾತ್ರ ಕೆರೆದು, 80ನೇ ನಂಬರಿನ ಉಜ್ಜುಕಾಗದದಲ್ಲಿ ಉಜ್ಜಿ. ಕೈಗವಸು ಬೇಕೇ ಬೇಕು, ಬೆವರಿನ ಉಪ್ಪು ತಗಡಿಗೆ ತುಕ್ಕು ತರುತ್ತದೆ. ಜಿಡ್ಡು ತೆಗೆಯುವ ದ್ರಾವಣವನ್ನು ಒಂದು ಬಟ್ಟೆಯಲ್ಲಿ ಹಚ್ಚಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ. ತಗಡಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಲಿ. ಹಾರ್ಡನರನ್ನು ಕಣ್ಣಳತೆಯಲ್ಲಿ ಸುರಿಯದೆ ಡಬ್ಬಿಯ ಮೇಲಿನ ಪ್ರಮಾಣದಲ್ಲೇ ಬೆರೆಸಿ ಎರಡು ಕೋಟ್ ಹೊಡೆಯಿರಿ. ಪುಟ್ಟಿ, ಸೀಮ್ ಸೀಲರ್ (ತಗಡಿನ ಸಂದಿ ಮುಚ್ಚುವ ಅಂಟು) ಏನಿದ್ದರೂ ಇದರ ಮೇಲೆ.

ಎಪಾಕ್ಸಿ ಕೂಡ ಬಿಸಿಲಿಗೆ ಬಿಟ್ಟರೆ ಸುಣ್ಣದಂತೆ ಪುಡಿಯಾಗುತ್ತದೆ. ಉಜ್ಜದೆಯೇ ಮುಂದಿನ ಕೋಟ್ ಹೊಡೆಯಬಹುದಾದ ಅವಧಿ ಮೀರಿದ್ದರೆ ಮತ್ತೆ ಉಜ್ಜದೆ ಮೇಲೇನೂ ಹಚ್ಚಬೇಡಿ.

ತುಕ್ಕು ಪರಿವರ್ತಕದ (ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರಾವಣ) ಬಗ್ಗೆ ವಿಶೇಷ ಎಚ್ಚರ. ಅದರಲ್ಲಿರುವ ಫಾಸ್ಫಾರಿಕ್ ಆಮ್ಲ ಪೂರ್ತಿ ತೊಳೆದು ಹೋಗದಿದ್ದರೆ ಎಪಾಕ್ಸಿ ಕಚ್ಚುವುದಿಲ್ಲ, ಹಾಳೆಯಂತೆ ಏಳುತ್ತದೆ. ತಗಡುಗಳು ಒಂದರ ಮೇಲೊಂದು ಕೂಡಿದ ಸಂದಿಗೆ ಅದನ್ನು ಸುರಿಯಲೇಬೇಡಿ. ಅಲ್ಲಿಂದ ತೊಳೆದು ತೆಗೆಯಲು ದಾರಿಯೇ ಇಲ್ಲ, ತಿಂಗಳುಗಳಾದ ಮೇಲೂ ಒಸರುತ್ತದೆ.

ಕಾಯುವ ಕಾರಿಗೆ ಪ್ಲಾಸ್ಟಿಕ್ ಹಾಳೆ ಸುತ್ತಬೇಡಿ, ಒಳಗೆ ಹನಿಗಟ್ಟುತ್ತದೆ. ಗಾಳಿಯಾಡುವ ಹೊದಿಕೆ ಸಾಕು.

ಡೋರುಗಳ ಕೆಳಗೆ ಉದ್ದಕ್ಕೂ ಇರುವ ಪೊಳ್ಳು ಭಾಗಗಳಲ್ಲಿ ಸಿಕ್ಕ ಬ್ಲಾಸ್ಟಿಂಗ್ ಮರಳನ್ನು (ಬಣ್ಣ, ತುಕ್ಕು ಕೀಳಲು ರಭಸದಿಂದ ಊದಿದ ಮರಳು) ಊದಿ, ಹೀರಿ ತೆಗೆಯಿರಿ. ಉಳಿದ ಮರಳು ತೇವ ಹಿಡಿಯುತ್ತದೆ. ಅಲ್ಲಿಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ (ಪೊಳ್ಳು ಭಾಗಗಳಿಗೆ ತುಕ್ಕು ತಡೆಯುವ ಮೇಣ) ಹೊಡೆಯುವುದು ಬಣ್ಣವೆಲ್ಲ ಮುಗಿದ ಮೇಲೆ. ಮೊದಲೇ ಹೊಡೆದರೆ ವೆಲ್ಡಿಂಗ್ ಕಿಡಿಗೆ ಬೆಂಕಿ ಹತ್ತುತ್ತದೆ, ಸೋರಿದ ಮೇಣದ ಮೇಲೆ ಬಣ್ಣ ನಿಲ್ಲುವುದಿಲ್ಲ. ಹೊಡೆದಾದ ಮೇಲೆ ನೀರು ಇಳಿಯುವ ತೂತುಗಳಿಗೆ ಒಂದು ತಂತಿ ಆಡಿಸಿ, ಮೇಣ ಅವನ್ನು ಮುಚ್ಚಿರಬಹುದು.