ಆರ್-22 ಎಂದು ಕೊಂಡ ಸಿಲಿಂಡರ್‌ನಲ್ಲಿ ಇದ್ದದ್ದು ಬೇರೆಯೇ ಅನಿಲ

ದಾವಣಗೆರೆಯ ಒಂದು ಕಲ್ಯಾಣ ಮಂಟಪದ ಹವಾನಿಯಂತ್ರಣ ಯಂತ್ರಗಳ ನಿರ್ವಹಣೆ ನನ್ನ ಹೊಣೆ. ಅಲ್ಲಿನ ನಾಲ್ಕು ಡಕ್ಟೆಬಲ್ (ಕೊಳವೆಗಳ ಮೂಲಕ ತಂಪು ಗಾಳಿ ಹಾಯಿಸುವ) ಎ.ಸಿ.ಗಳೂ ಆರ್-22 ಎಂಬ ತಂಪುಕಾರಕ ಅನಿಲದಲ್ಲಿ ಓಡುವ ಹಳೆಯ ಯಂತ್ರಗಳು. ಓಝೋನ್ ಪದರಕ್ಕೆ ಹಾನಿ ಮಾಡುವ ಈ ಅನಿಲವನ್ನು ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಂತ ಹಂತವಾಗಿ ಕೈಬಿಡಲಾಗುತ್ತಿರುವುದರಿಂದ ಪೂರೈಕೆ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿದೆ. ಕಳೆದ ಏಪ್ರಿಲ್‌ನಲ್ಲಿ, ಮದುವೆಗಳ ಭರಾಟೆಯ ನಡುವೆ, ನಾವು ಸದಾ ಕೊಳ್ಳುವ ಅಂಗಡಿಯಲ್ಲಿ ಒಂದು ಸಿಲಿಂಡರ್ ಕೂಡ ಇರಲಿಲ್ಲ. ಆಗ ಫೋನಿನಲ್ಲಷ್ಟೇ ಪರಿಚಯವಾದ ವ್ಯಾಪಾರಿಯೊಬ್ಬರು ಮರುದಿನವೇ ಎರಡು ಸಿಲಿಂಡರ್ ಕಳುಹಿಸಿದರು. ತಿಳಿಹಸಿರು ಬಣ್ಣ, ಅಚ್ಚುಕಟ್ಟಾದ ಲೇಬಲ್ ಎಲ್ಲವೂ ಇದ್ದವು. ಬಿಲ್ ಮಾತ್ರ ಇರಲಿಲ್ಲ.

ಮೊದಲ ಸುಳಿವು ಅನಿಲ ತುಂಬಿಸುವಾಗಲೇ ಸಿಕ್ಕಿತ್ತು. ನಾಲ್ಕೂವರೆ ಕೆ.ಜಿ. ಹಿಡಿಯಬೇಕಾದ ಯಂತ್ರಕ್ಕೆ ಎರಡು ಕೆ.ಜಿ. ಹೋಗುವಷ್ಟರಲ್ಲಿ ಒತ್ತಡದ ಗೇಜಿನ ಮುಳ್ಳು ಸರಿಯಾದ ಜಾಗಕ್ಕೆ ಬಂದು ನಿಂತಾಗ, ಗ್ಯಾಸ್ ಉಳಿಯಿತೆಂದು ಮೆಕ್ಯಾನಿಕ್ ಖುಷಿಪಟ್ಟರು, ನಾನೂ ಖುಷಿಪಟ್ಟೆ. ವಾರದ ನಂತರ ಒಂದು ಯಂತ್ರ ಸೋರತೊಡಗಿತು. ಜೋಡಣೆಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತಿತ್ತು, ಆದರೆ ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರ್ ಸದ್ದೇ ಮಾಡಲಿಲ್ಲ. ಕ್ಲೋರಿನ್, ಫ್ಲೋರಿನ್ ಇರುವ ಅನಿಲಕ್ಕೆ ಮಾತ್ರ ಕೂಗುವ ಆ ಉಪಕರಣ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಅದು ಕೆಟ್ಟಿದೆಯೆಂದು ಪಕ್ಕಕ್ಕಿಟ್ಟವರು ನಾವು. ಉಳಿದ ಅನಿಲವನ್ನು ಕಿಟಕಿ ಮುಚ್ಚಿದ್ದ ಯಂತ್ರದ ಕೋಣೆಯೊಳಗೇ ಹೊರಬಿಟ್ಟು (ಇದು ಯಾವ ಅನಿಲಕ್ಕೂ ಸಲ್ಲದ, ಆದರೆ ಎಲ್ಲೆಡೆ ನಡೆಯುವ ಪದ್ಧತಿ) ಬ್ರೇಜಿಂಗ್‌ಗೆಂದು (ಕೊಳವೆಯ ಜೋಡಣೆಯನ್ನು ಕಾಯಿಸಿ ಬೆಸೆಯಲು) ಗ್ಯಾಸ್ ಟಾರ್ಚ್ ಹೊತ್ತಿಸಿದ ಕೂಡಲೇ ನೆಲದುದ್ದಕ್ಕೂ ಬೆಂಕಿ ಹರಡಿತು. ಮೆಕ್ಯಾನಿಕ್ ಅವರ ಎರಡೂ ಕೈ ಸುಟ್ಟವು. ಬಾಗಿಲು ತೆರೆದೇ ಇದ್ದುದರಿಂದ ಅವರು ಹೊರಗೆ ಓಡಿ ಬಂದರು.

ಸಿಲಿಂಡರ್‌ನಲ್ಲಿದ್ದದ್ದು ಬಹುಪಾಲು ಪ್ರೋಪೇನ್, ಅಂದರೆ ಕ್ಲೋರಿನ್, ಫ್ಲೋರಿನ್ ಇಲ್ಲದ, ಸುಲಭವಾಗಿ ಹೊತ್ತಿಕೊಳ್ಳುವ ಅನಿಲ ಎಂಬುದು ಆಮೇಲಿನ ಪರೀಕ್ಷೆಯಲ್ಲಿ ತಿಳಿಯಿತು. ಆರ್-22 ಮೈನಸ್ 40.8 ಡಿಗ್ರಿಯಲ್ಲಿ ಕುದಿದರೆ ಪ್ರೋಪೇನ್ ಮೈನಸ್ 42.1ರಲ್ಲಿ ಕುದಿಯುತ್ತದೆ; ಆದ್ದರಿಂದ ಒತ್ತಡ ನೋಡಿ ಇವೆರಡನ್ನು ಬೇರೆ ಮಾಡಲಾಗದು. ವ್ಯತ್ಯಾಸ ಕಾಣುವುದು ತೂಕದಲ್ಲಿ: ಪ್ರೋಪೇನ್ ಹಗುರ, ಅದಕ್ಕೇ ಎರಡು ಕೆ.ಜಿ.ಗೇ ಯಂತ್ರ ತುಂಬಿದಂತೆ ಕಂಡಿತ್ತು. ಆರ್-134ಎ ಎಂಬ ಇನ್ನೊಂದು ತಂಪುಕಾರಕ ಅನಿಲ ಕೊಳ್ಳುವವರ ಅಪಾಯ ಇನ್ನೂ ದೊಡ್ಡದು: ಅದರ ಹೆಸರಿನಲ್ಲಿ ಬರುವ ಮೀಥೈಲ್ ಕ್ಲೋರೈಡ್ ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಗುಲಿದರೆ ತಾನೇ ಉರಿಯುವ ವಸ್ತುವಾಗುತ್ತದೆ. 2011ರಲ್ಲಿ ವಿಯೆಟ್ನಾಂ ಮತ್ತು ಬ್ರೆಜಿಲ್‌ನಲ್ಲಿ ಶೀತಲ ಕಂಟೇನರ್‌ಗಳು ಸ್ಫೋಟಿಸಿ ಕೆಲಸಗಾರರು ಸತ್ತದ್ದು ಇಂಥ ಅನಿಲದಿಂದಲೇ.

ಆದ್ದರಿಂದ ಬಿಲ್ ಮತ್ತು ಬ್ಯಾಚ್ ಸಂಖ್ಯೆ ಇಲ್ಲದ ಸಿಲಿಂಡರ್ ಅನ್ನು ಎಷ್ಟೇ ತುರ್ತಿದ್ದರೂ ಒಳಗೆ ಬಿಡಬೇಡಿ. ರೆಫ್ರಿಜರೆಂಟ್ ಐಡೆಂಟಿಫೈಯರ್ (ಸಿಲಿಂಡರ್‌ನಲ್ಲಿರುವ ಅನಿಲ ಯಾವುದೆಂದು ತೋರಿಸುವ ಉಪಕರಣ) ಇರುವ ಸರ್ವಿಸ್‌ನವರಿಂದ ಮೊದಲು ಪರೀಕ್ಷೆ ಮಾಡಿಸಿ. ಬೇಕಾದ ಅನಿಲವನ್ನು ಫೆಬ್ರವರಿಯೊಳಗೇ ತಂದಿಟ್ಟುಕೊಳ್ಳಿ. ನಮ್ಮ ಇನ್ನೊಂದು ಯಂತ್ರದಲ್ಲೂ ಅದೇ ಮಿಶ್ರಣ ತುಂಬಿದೆ. ಅದನ್ನು ಸುರಕ್ಷಿತವಾಗಿ ಹೊರತೆಗೆಯಲು ನಾವು ಕೇಳಿದ ಮೂವರೂ ಒಪ್ಪಿಲ್ಲ. ಸದ್ಯಕ್ಕೆ ಅದರ ವಿದ್ಯುತ್ ಸಂಪರ್ಕ ಕಡಿದು, ಕೋಣೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದೇವೆ.