ನದಿ ದಂಡೆ ಅಭಿವೃದ್ಧಿ: ಅಹಮದಾಬಾದ್ ದಾರಿಯೋ, ಮಂಗಳೂರು ದಾರಿಯೋ?

ನಿಮ್ಮ ಪಾಲಿಕೆ ಮುಂದೆ ನದಿ ದಂಡೆ ಯೋಜನೆ ಬಂದಿದೆಯಾ? ಬಣ್ಣದ ನಕ್ಷೆಗಳನ್ನು ಆಮೇಲೆ ನೋಡಿ. ದುಡ್ಡು ಯಾರದು, ಸಹಿ ಯಾರದು ಅಂತ ಮೊದಲು ಕೇಳಿ.

ಅಹಮದಾಬಾದ್ ಪಾಲಿಕೆ 1997ರಲ್ಲೇ ಸಾಬರಮತಿ ನದಿ ದಂಡೆಗಾಗಿ ಪೂರ್ತಿ ತನ್ನದೇ ಆದ ಕಂಪನಿ ಕಟ್ಟಿತು. ಪಾಲಿಕೆಯ ಹಣ, ಹುಡ್ಕೋ (ವಸತಿ, ನಗರಾಭಿವೃದ್ಧಿಗೆ ಸಾಲ ಕೊಡುವ ಕೇಂದ್ರದ ಸಂಸ್ಥೆ) ಸಾಲ, ಜೊತೆಗೆ ನದಿ ಪಾತ್ರದಲ್ಲಿ ಮಣ್ಣು ತುಂಬಿ ಪಡೆದ ಸುಮಾರು 200 ಹೆಕ್ಟೇರ್ ಜಾಗದಲ್ಲಿ ಸ್ವಲ್ಪ ಮಾರಿ ಖರ್ಚು ವಾಪಸ್ ತೆಗೆಯುವ ಲೆಕ್ಕ. ಕೆಲಸ ಶುರುವಾಗಿದ್ದು 2005ರಲ್ಲಿ. ದಂಡೆಯ ಗುಡಿಸಲುಗಳಲ್ಲಿದ್ದವರು ಪುನರ್ವಸತಿಗಾಗಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು, ಆಮೇಲೂ ಎಷ್ಟೋ ಜನರಿಗೆ ಮನೆ ಸಿಕ್ಕಿದ್ದು ಊರಾಚೆ, ಕೂಲಿ ಸಿಗುವ ಜಾಗದಿಂದ ದೂರ. ಇದು ನನಗೆ ಒಪ್ಪಿಗೆಯಾಗುವ ಮಾತೇ ಅಲ್ಲ.

ಮಂಗಳೂರಿನದು ಬೇರೆ ಥರ. ಸ್ಮಾರ್ಟ್ ಸಿಟಿ ಕಂಪನಿಯಲ್ಲಿ ರಾಜ್ಯಕ್ಕೆ ಅರ್ಧ, ಪಾಲಿಕೆಗೆ ಅರ್ಧ. ಕೇಂದ್ರದ ಸ್ಮಾರ್ಟ್ ಸಿಟಿ ಮಿಷನ್ ಲೆಕ್ಕದಲ್ಲಿ ಒಂದು ನಗರಕ್ಕೆ ಕೇಂದ್ರದಿಂದ 500 ಕೋಟಿ ರೂಪಾಯಿವರೆಗೆ, ಅಷ್ಟೇ ಮೊತ್ತ ರಾಜ್ಯ ಮತ್ತು ಪಾಲಿಕೆಯಿಂದ ಬರಬೇಕಿತ್ತು. ನೇತ್ರಾವತಿ ದಂಡೆಯ ನಡಿಗೆ ದಾರಿ ಅದರಲ್ಲಿ ಒಂದು ಕಾಮಗಾರಿ ಅಷ್ಟೇ. ಅನುದಾನದ ದುಡ್ಡಾದ್ದರಿಂದ ಜಾಗ ಮಾರಲೇಬೇಕೆಂಬ ಒತ್ತಡ ಇಲ್ಲ. ಆದರೆ ತೀರ್ಮಾನ ಆಗೋದು ಕಂಪನಿ ಬೋರ್ಡಿನಲ್ಲಿ, ನಾವು ಓಟು ಹಾಕಿದ ಕಾರ್ಪೊರೇಟರುಗಳ ಸಭೆಯಲ್ಲಲ್ಲ. ಮಿಷನ್ ಬೇರೆ 2025ರ ಮಾರ್ಚ್‌ಗೆ ಮುಗಿಯಿತು. ಇನ್ನು ದೀಪ ಕೆಟ್ಟರೆ, ಕಲ್ಲು ಎದ್ದರೆ ರಿಪೇರಿ ಖರ್ಚು ಹೊರಬೇಕಾದವರು ಸ್ಥಳೀಯರೇ ಅಲ್ವಾ?

ನನ್ನ ಓಟು ಪಾಲಿಕೆಯದೇ ಕಂಪನಿಗೆ. ಆದರೆ ಜಾಗ ಮಾರುವ, ಜನರನ್ನು ಎಬ್ಬಿಸುವ ಪ್ರತಿ ತೀರ್ಮಾನವೂ ಪಾಲಿಕೆಯ ಸಾಮಾನ್ಯ ಸಭೆಯಲ್ಲಿ ಪಾಸಾಗಬೇಕು, ನಿರ್ವಹಣೆ ಹಣವನ್ನು ಟೆಂಡರಿಗೆ ಮೊದಲೇ ಬಜೆಟ್‌ನಲ್ಲಿ ಎತ್ತಿಡಬೇಕು.